ಪರದೆಯ ಮೇಲೆ ಇಲ್ಲದಿದ್ದ ಆಯ್ಕೆ

ಬ್ರಿಟನ್ನಿನ ಅಂಚೆ ಕಚೇರಿಗಳ ಹೊರೈಜನ್ ಎಂಬ ಲೆಕ್ಕಪತ್ರ ವ್ಯವಸ್ಥೆಯಲ್ಲಿ 2005ರ ನಂತರ ಒಂದು ಪರದೆ ಇತ್ತು. ಲೆಕ್ಕದ ಅವಧಿ ಮುಗಿದಾಗ, ಕಂಪ್ಯೂಟರ್ ಹೇಳುವ ಮೊತ್ತಕ್ಕಿಂತ ಪೆಟ್ಟಿಗೆಯಲ್ಲಿರುವ ಹಣ ಕಡಿಮೆ ಇದ್ದರೆ, ಕೌಂಟರಿನ ಹಿಂದೆ ಕುಳಿತ ಸಬ್‌ಪೋಸ್ಟ್‌ಮಾಸ್ಟರ್ ಆ ಕೊರತೆಯನ್ನು ನಗದಿನಿಂದ ತುಂಬಬಹುದಿತ್ತು, ಚೆಕ್ಕಿನಿಂದ ತುಂಬಬಹುದಿತ್ತು, ಇಲ್ಲವೇ ತಮ್ಮ ಹೆಸರಿನ ಬಾಕಿಯಾಗಿ ಕೇಂದ್ರ ಕಚೇರಿಗೆ ವರ್ಗಾಯಿಸಬಹುದಿತ್ತು. ಈ ಲೆಕ್ಕವೇ ತಪ್ಪು, ಇದನ್ನು ನಾನು ಒಪ್ಪುವುದಿಲ್ಲ ಎಂದು ದಾಖಲಿಸುವ ಆಯ್ಕೆ ಆ ಪರದೆಯಲ್ಲಿ ಇರಲಿಲ್ಲ. ತಕರಾರು ಇದ್ದವರು ಸಹಾಯವಾಣಿಗೆ ಫೋನ್ ಮಾಡಬೇಕಿತ್ತು. ಮಾಡಿದ ಫೋನ್ ಕರೆಯ ಗುರುತು ಲೆಕ್ಕದ ಪುಟದಲ್ಲಿ ಎಲ್ಲಿಯೂ ಉಳಿಯುತ್ತಿರಲಿಲ್ಲ.

1999ರಿಂದ 2015ರವರೆಗೆ ಈ ವ್ಯವಸ್ಥೆ ತೋರಿಸಿದ, ಎಷ್ಟೋ ಸಲ ತಪ್ಪಾಗಿದ್ದ ಅಂಕಿಗಳ ಆಧಾರದ ಮೇಲೆ 900ಕ್ಕೂ ಹೆಚ್ಚು ಮಂದಿ ಕಳವು, ವಂಚನೆ, ಸುಳ್ಳು ಲೆಕ್ಕ ಬರೆದ ಆರೋಪಗಳಲ್ಲಿ ಅಪರಾಧಿಗಳೆನಿಸಿದರು. ಅವರಲ್ಲಿ ಸುಮಾರು 700 ಮಂದಿಯ ಮೇಲೆ ಮೊಕದ್ದಮೆ ಹೂಡಿದ್ದು ಪೊಲೀಸರಲ್ಲ, ಸರ್ಕಾರಿ ಸ್ವಾಮ್ಯದ ಪೋಸ್ಟ್ ಆಫೀಸ್ ಸಂಸ್ಥೆಯೇ. ಜೈಲಿಗೆ ಹೋದವರು, ದಿವಾಳಿಯಾದವರು, ಊರು ಬಿಟ್ಟವರು ಇದ್ದಾರೆ. ಸರ್ ವಿನ್ ವಿಲಿಯಮ್ಸ್ ನೇತೃತ್ವದ ಶಾಸನಬದ್ಧ ವಿಚಾರಣೆಯ ಮೊದಲ ಸಂಪುಟ 2025ರ ಜುಲೈನಲ್ಲಿ ಹೊರಬಂದಾಗ, ಕನಿಷ್ಠ 13 ಆತ್ಮಹತ್ಯೆಗಳಿಗೆ ಈ ಪ್ರಕರಣ ಕಾರಣವಾಗಿರುವ ನೈಜ ಸಾಧ್ಯತೆ ಇದೆ ಎಂದು ಅದು ದಾಖಲಿಸಿತು.

ಈ ಕಥೆಯನ್ನು ಸಾಮಾನ್ಯವಾಗಿ ಆಡಳಿತವರ್ಗದ ಕ್ರೌರ್ಯದ ಕಥೆಯಾಗಿ ಹೇಳುತ್ತಾರೆ. ಅದು ಸರಿಯೇ, ಸುಳ್ಳು ಹೇಳಿದವರು, ಮುಚ್ಚಿಟ್ಟವರು ಮೇಲಿನ ಕುರ್ಚಿಗಳಲ್ಲಿ ಇದ್ದರು. ಆದರೆ ತಂತ್ರಾಂಶ ಬರೆಯುವುದನ್ನೇ ಬದುಕಿನ ಕಸುಬು ಮಾಡಿಕೊಂಡ ನನ್ನಂಥವರು ಈ ಪ್ರಕರಣದ ತೀರ್ಪುಗಳನ್ನೂ ವಿಚಾರಣೆಯ ದಾಖಲೆಗಳನ್ನೂ ಓದುವಾಗ ಅಷ್ಟಕ್ಕೆ ನಿಲ್ಲಿಸಿದರೆ ನಮ್ಮ ಪಾಲಿನ ಹೊಣೆಯಿಂದ ನಾವು ಬಹಳ ಸುಲಭವಾಗಿ ನುಣುಚಿಕೊಂಡಂತಾಗುತ್ತದೆ. ಯಾವ ಆಯ್ಕೆ ಪರದೆಯ ಮೇಲೆ ಬರಬೇಕು, ಯಾವ ದಾಖಲೆ ಯಾರಿಗೆ ಕಾಣಬೇಕು, ಯಾರು ಯಾರ ಲೆಕ್ಕವನ್ನು ತಿದ್ದಬಹುದು ಎಂಬುದನ್ನು ನಿರ್ಧರಿಸಿದ್ದು ವಿನ್ಯಾಸ. ನಾಳೆ ವಿವಾದ ಎದ್ದಾಗ ಯಾರ ಮಾತನ್ನು ನಂಬಲಾಗುತ್ತದೆ ಎಂಬುದು ಆ ವಿನ್ಯಾಸದಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗಿ ಹೋಗಿರುತ್ತದೆ. ಕಂಪ್ಯೂಟರ್ ವಿಜ್ಞಾನಿಯ ನೈತಿಕ ಹೊಣೆಯ ಮಾತು ಬಂದಾಗಲೆಲ್ಲ ನಾವು ಶಸ್ತ್ರಾಸ್ತ್ರ, ಕಣ್ಗಾವಲು, ಕೃತಕ ಬುದ್ಧಿಮತ್ತೆಗಳಂಥ ದೊಡ್ಡ ಸಂಗತಿಗಳತ್ತ ಹೋಗುತ್ತೇವೆ. ನನಗೆ ಆ ಹೊಣೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಂಚೆ ಚೀಟಿ ಮತ್ತು ಪಿಂಚಣಿಯ ಲೆಕ್ಕವಿಡುವ ಈ ಸಾಧಾರಣ ತಂತ್ರಾಂಶದಲ್ಲಿ.

ಸಬ್‌ಪೋಸ್ಟ್‌ಮಾಸ್ಟರ್ ಅಲ್ಲಿ ನೌಕರನಲ್ಲ. ತನ್ನ ಉಳಿತಾಯ ಹಾಕಿ ಹಳ್ಳಿಯಲ್ಲೋ ಪಟ್ಟಣದ ಮೂಲೆಯಲ್ಲೋ ಅಂಗಡಿ ಕೊಂಡು, ಅದರೊಳಗೆ ಅಂಚೆ ಕೌಂಟರನ್ನು ಗುತ್ತಿಗೆಯ ಮೇಲೆ ನಡೆಸುವ ಸಣ್ಣ ವ್ಯಾಪಾರಿ; ಭಾರತೀಯ ಉಪಖಂಡದಿಂದ ಹೋದ ಕುಟುಂಬಗಳೂ ಇವರಲ್ಲಿ ಬಹಳ. ತಮ್ಮ ನಿರ್ಲಕ್ಷ್ಯ, ಅಜಾಗರೂಕತೆ ಅಥವಾ ತಪ್ಪಿನಿಂದ ಆದ ನಷ್ಟವನ್ನು ಅವರು ತುಂಬಿಕೊಡಬೇಕು ಎಂದು ಅವರ ಒಪ್ಪಂದ ಹೇಳುತ್ತಿತ್ತು. ಪೋಸ್ಟ್ ಆಫೀಸ್ ಅದನ್ನು ಎಲ್ಲ ನಷ್ಟವನ್ನೂ ತುಂಬಿಕೊಡಬೇಕು ಎಂದು ಓದಿಕೊಂಡಿತು. ಕಾಗದದ ಲೆಕ್ಕದ ಕಾಲದಲ್ಲಿ ಈ ಓದಿನಿಂದ ಅಷ್ಟು ಅಪಾಯ ಇರಲಿಲ್ಲ, ಏಕೆಂದರೆ ಕೂಡಿ ಕಳೆದ ಪ್ರತಿಯೊಂದು ಸಾಲೂ ಸಬ್‌ಪೋಸ್ಟ್‌ಮಾಸ್ಟರ್ ಕೈಯಲ್ಲೇ ಇರುತ್ತಿತ್ತು; ತಾಳೆಯಾಗದಿದ್ದರೆ ರಾತ್ರಿ ಕುಳಿತು ಹಿಂದಿನ ಪುಟಗಳನ್ನು ತಿರುವಿ ಹಾಕಿ ತಪ್ಪನ್ನು ಹಿಡಿಯಬಹುದಿತ್ತು. ಹೊರೈಜನ್ ಬಂದ ಮೇಲೆ ಹೊಣೆ ಮಾತ್ರ ಕೌಂಟರಿನಲ್ಲೇ ಉಳಿಯಿತು, ಪುಟಗಳು ಬೇರೆಡೆ ಹೋದವು.

ಇಲ್ಲಿ ಒಂದು ಬದಲಾವಣೆಯನ್ನು ಬಿಡಿಸಿ ಹೇಳಬೇಕು. ಆರಂಭದ ವರ್ಷಗಳಲ್ಲಿ ಹೊರೈಜನ್‌ನಲ್ಲಿ ಸಸ್ಪೆನ್ಸ್ ಖಾತೆಯ ಸೌಲಭ್ಯ ಇತ್ತು. ಕಾರಣ ತಿಳಿಯದ ವ್ಯತ್ಯಾಸವನ್ನು, ತನಿಖೆ ಮುಗಿಯುವವರೆಗೆ, ಯಾರ ತಪ್ಪೆಂದು ತೀರ್ಮಾನಿಸದೆ ಅಲ್ಲಿ ಇರಿಸಬಹುದಿತ್ತು. ಲೆಕ್ಕಪತ್ರ ಶಾಸ್ತ್ರಕ್ಕೆ ಇದು ಬಹಳ ಹಳೆಯ ಏರ್ಪಾಡು. ಮನುಷ್ಯರು ಲೆಕ್ಕ ಬರೆಯುವಾಗ ಕೆಲವು ಸಂಗತಿಗಳು ತಕ್ಷಣ ಗೊತ್ತಾಗುವುದಿಲ್ಲ ಎಂಬ ವಿನಯ ಅದರಲ್ಲಿದೆ. 2005ರ ಸುಮಾರಿಗೆ ಹಿನ್ನೆಲೆಯ ಲೆಕ್ಕ ವ್ಯವಸ್ಥೆಯನ್ನು ಸರಳಗೊಳಿಸುವ, ಬಾಕಿ ವಸೂಲಿಯನ್ನು ಚುರುಕುಗೊಳಿಸುವ ಯೋಜನೆಯೊಂದರ ಭಾಗವಾಗಿ ಈ ಸೌಲಭ್ಯವನ್ನು ಶಾಖೆಗಳಿಂದ ತೆಗೆದುಹಾಕಲಾಯಿತು. ಯೋಜನೆಯ ಕಡತದಲ್ಲಿ ಅದು ಒಂದು ಸಾಲಿನ ಅಗತ್ಯವಾಗಿದ್ದಿರಬೇಕು. ಆ ಒಂದು ಸಾಲಿನಿಂದ 'ಗೊತ್ತಿಲ್ಲ' ಎಂಬ ಸ್ಥಿತಿಯೇ ವ್ಯವಸ್ಥೆಯಿಂದ ಅಳಿಸಿಹೋಯಿತು. ಅಲ್ಲಿಂದ ಮುಂದೆ ಪ್ರತಿಯೊಂದು ಕೊರತೆಗೂ ಒಬ್ಬ ಸಾಲಗಾರ ಇರಲೇಬೇಕಾಯಿತು. ಹಣವಿಲ್ಲದವರು, ಕೆಲಸ ಕಳೆದುಕೊಳ್ಳುವ ಭಯದಲ್ಲಿ, ಪೆಟ್ಟಿಗೆಯಲ್ಲಿ ಹಣ ಸರಿಯಾಗಿದೆ ಎಂದು ಘೋಷಿಸಿ ಮುಂದೆ ಹೋದರು. ಆ ಘೋಷಣೆಯೇ ಸುಳ್ಳು ಲೆಕ್ಕದ ಅಪರಾಧವಾಯಿತು. ಲೆಕ್ಕವನ್ನು ಒಪ್ಪದಿರುವ ದಾರಿಯನ್ನು ಮುಚ್ಚಿದ ವ್ಯವಸ್ಥೆ, ಒಪ್ಪಿದ್ದಕ್ಕಾಗಿ ಅವರನ್ನು ಶಿಕ್ಷಿಸಿತು. 2019ರ ಮಾರ್ಚ್‌ನಲ್ಲಿ ಪೋಸ್ಟ್ ಆಫೀಸಿನ ಮೇಲೆ ಇವರು ಹೂಡಿದ್ದ ದಾವೆಯಲ್ಲಿ ತೀರ್ಪು ನೀಡಿದ ನ್ಯಾಯಮೂರ್ತಿ ಪೀಟರ್ ಫ್ರೇಸರ್ ಈ ಪರದೆಯ ಬಗ್ಗೆ, ಅದರಲ್ಲಿ ತಕರಾರಿಗೆ ಆಯ್ಕೆ ಇಲ್ಲದಿರುವ ಬಗ್ಗೆ ವಿಶೇಷ ಗಮನ ಕೊಟ್ಟರು. ಎಂಜಿನಿಯರುಗಳು ಕಾಣದ್ದನ್ನು, ಅಥವಾ ಕಂಡೂ ಹೇಳದ್ದನ್ನು, ಒಬ್ಬ ನ್ಯಾಯಾಧೀಶರು ಬರೆಯಬೇಕಾಯಿತು.

ಸಸ್ಪೆನ್ಸ್ ಖಾತೆ ಇದ್ದ ಕಾಲದಲ್ಲೂ ಎಲ್ಲವೂ ಸರಿಯಿತ್ತು ಎಂದಲ್ಲ. ಹ್ಯಾಂಪ್‌ಷೈರಿನ ಸೌತ್ ವಾರ್ನ್‌ಬರೋ ಗ್ರಾಮದ ಜೋ ಹ್ಯಾಮಿಲ್ಟನ್, ಸುಮಾರು 2,000 ಪೌಂಡ್ ಕೊರತೆ ಕಂಡು ಸಹಾಯವಾಣಿಗೆ ಕರೆ ಮಾಡಿ, ಅವರು ಹೇಳಿದಂತೆ ಮಾಡುತ್ತಿದ್ದಾಗಲೇ ಆ ಕೊರತೆ ಕಣ್ಣೆದುರಿಗೆ ಇಮ್ಮಡಿಯಾಯಿತು. ಯಾರ್ಕ್‌ಷೈರಿನ ಬ್ರಿಡ್ಲಿಂಗ್ಟನ್‌ನ ಲೀ ಕಾಸಲ್ಟನ್, 2004ರಲ್ಲಿ ವಾರವಾರವೂ ಬೆಳೆಯುತ್ತಿದ್ದ ಕೊರತೆಯ ಬಗ್ಗೆ 91 ಸಲ ಸಹಾಯವಾಣಿಗೆ ಕರೆ ಮಾಡಿದರು. ಕೊನೆಗೆ ಅವರ ಮೇಲೆ ಸಿವಿಲ್ ದಾವೆ ಹೂಡಿ, ಸುಮಾರು 25,000 ಪೌಂಡಿನ ವಿವಾದಕ್ಕೆ 3 ಲಕ್ಷ ಪೌಂಡಿಗೂ ಹೆಚ್ಚಿನ ನ್ಯಾಯಾಲಯದ ವೆಚ್ಚವನ್ನು ಅವರ ತಲೆಗೆ ಕಟ್ಟಲಾಯಿತು, ಅವರು ದಿವಾಳಿಯಾದರು. ತೊಂಬತ್ತೊಂದು ಕರೆಗಳು ಎಂದರೆ ತೊಂಬತ್ತೊಂದು ದೋಷ ವರದಿಗಳು. ನಮ್ಮ ಕಸುಬಿನಲ್ಲಿ ಅಷ್ಟು ವರದಿ ಕೊಟ್ಟ ಬಳಕೆದಾರನಿಗೆ ನಾವು ಕೃತಜ್ಞರಾಗಿರಬೇಕು.

ದೋಷಗಳಾದರೂ ಎಂಥವು? ಸ್ಕಾಟ್ಲೆಂಡಿನ ಫಾಲ್ಕರ್ಕ್‌ನ ಕ್ಯಾಲೆಂಡರ್ ಸ್ಕ್ವೇರ್ ಶಾಖೆಯ ಹೆಸರು ಪಡೆದ ದೋಷದಲ್ಲಿ, ಒಂದು ಕೌಂಟರಿನಲ್ಲಿ ದಾಖಲಾದ ವರ್ಗಾವಣೆ ಪಕ್ಕದ ಕೌಂಟರಿಗೆ ನಕಲಾಗುತ್ತಿರಲಿಲ್ಲ. ಕಾಣಲಿಲ್ಲವೆಂದು ಮತ್ತೆ ಮಾಡಿದರೆ ಲೆಕ್ಕ ಎರಡು ಸಲ ಕೂಡುತ್ತಿತ್ತು. ಅದಕ್ಕೆ ತಿದ್ದುಪಡಿ ಬಂದದ್ದು 2006ರಲ್ಲಿ, ದೋಷ ಅದಕ್ಕಿಂತ ವರ್ಷಗಳ ಹಿಂದಿನದು. 2015ರಲ್ಲಿ ಬೆಳಕಿಗೆ ಬಂದ ಡಾಲ್‌ಮೆಲಿಂಗ್ಟನ್ ದೋಷ ಇನ್ನೂ ಸರಳ. ಮುಖ್ಯ ಶಾಖೆಯಿಂದ ಹೊರಗಿನ ಸಂಚಾರಿ ಕೌಂಟರಿಗೆ 8,000 ಪೌಂಡ್ ನಗದು ತಂದು ದಾಖಲಿಸುವಾಗ ಪರದೆ ನಿಂತಲ್ಲೇ ನಿಂತಿತು. ಎಂಟರ್ ಕೀಲಿಯನ್ನು ಮತ್ತೆ ಮತ್ತೆ ಒತ್ತಿದಾಗ, ಪ್ರತಿ ಒತ್ತಿಗೂ ಮತ್ತೊಂದು 8,000 ಪೌಂಡ್ ಬಂದಂತೆ ಒಳಗೊಳಗೇ ದಾಖಲಾಗಿ, 24,000 ಪೌಂಡಿನ ಇಲ್ಲದ ಕೊರತೆ ಹುಟ್ಟಿತು. ಹುಡುಕಿದಾಗ ಹಿಂದಿನ ಐದು ವರ್ಷಗಳಲ್ಲಿ ಇಂಥ 112 ಘಟನೆಗಳು ಸಿಕ್ಕವು. ಒಂದೇ ವಿನಂತಿ ಹತ್ತು ಸಲ ಬಂದರೂ ಪರಿಣಾಮ ಒಂದೇ ಸಲ ಆಗಬೇಕು ಎಂಬುದು ವಿತರಿತ ವ್ಯವಸ್ಥೆಗಳ, ಅಂದರೆ ಹಲವು ಕಂಪ್ಯೂಟರುಗಳು ಜಾಲದ ಮೂಲಕ ಕೂಡಿ ನಡೆಸುವ ವ್ಯವಸ್ಥೆಗಳ, ಪಾಠದಲ್ಲಿ ಮೊದಮೊದಲು ಬರುವ ಮಾತು. ನಗದಿನ ಚೀಲಕ್ಕೆ ಒಂದು ಗುರುತು ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಚೀಲ ಈಗಾಗಲೇ ಬಂದಿದೆಯೇ ಎಂದು ನೋಡಿದ್ದರೆ ಸಾಕಿತ್ತು.

ಹಾಗೆಂದು ನಾನು ದೋಷ ಬರೆದವರನ್ನು ಅಪರಾಧಿಗಳೆಂದು ಕರೆಯುವುದಿಲ್ಲ. ಸಾವಿರಾರು ಶಾಖೆಗಳಲ್ಲಿ ನಡೆಯುವ, ಟೆಲಿಫೋನ್ ತಂತಿಗಳ ಮೇಲೆ ನಿಂತ ವ್ಯವಸ್ಥೆಯಲ್ಲಿ ದೋಷ ಇಲ್ಲದಿರುವುದು ಸಾಧ್ಯವಿಲ್ಲ. ಅದನ್ನು ನಮ್ಮಲ್ಲಿ ಯಾರೂ ಮಾಡಿ ತೋರಿಸಿಲ್ಲ. ನೈತಿಕ ಪ್ರಶ್ನೆ ಹುಟ್ಟುವುದು ಅದರ ಮುಂದಿನ ಹೆಜ್ಜೆಯಲ್ಲಿ. ದೋಷ ಇರುತ್ತದೆ ಎಂದು ಬಲ್ಲವರು, ಆ ದೋಷದ ಹೊಡೆತ ಬೀಳುವವನಿಗೆ ಅದನ್ನು ಗುರುತಿಸುವ ಕಣ್ಣನ್ನೂ ಹೇಳುವ ಬಾಯನ್ನೂ ಕೊಟ್ಟರೇ ಎಂಬುದೇ ಆ ಪ್ರಶ್ನೆ. ಹೊರೈಜನ್ ಶಾಖೆಗಳಿಗೆ ತೋರಿಸುತ್ತಿದ್ದದ್ದು ಕೆಲವು ವಾರಗಳ ವರದಿಗಳನ್ನು ಮಾತ್ರ. ಪ್ರತಿ ಕೀಲಿಯೊತ್ತಿನವರೆಗೆ ವಿವರವಿದ್ದ ಮೂಲ ದಾಖಲೆ ತಯಾರಕ ಸಂಸ್ಥೆಯಾದ ಫುಜಿತ್ಸು ಬಳಿ ಇರುತ್ತಿತ್ತು. ಅದನ್ನು ಕೇಳುವ ಹಕ್ಕು ಒಪ್ಪಂದದ ಪ್ರಕಾರ ಪೋಸ್ಟ್ ಆಫೀಸಿನದು, ಮಿತಿ ಮೀರಿದರೆ ಅದಕ್ಕೆ ದುಡ್ಡು ಬೇರೆ. ಆರೋಪ ಹೊತ್ತವರ ಪರವಾದ ಸಾಕ್ಷ್ಯ ಎಲ್ಲಿತ್ತೋ ಅಲ್ಲಿಗೆ ಅವರಿಗೆ ಬಾಗಿಲೇ ಇರಲಿಲ್ಲ.

ಅದಕ್ಕಿಂತ ಗಂಭೀರವಾದದ್ದು ಬೇರೆಯವರಿಗಿದ್ದ ಬಾಗಿಲು. ಬ್ರಾಕ್ನೆಲ್‌ನಲ್ಲಿದ್ದ ಫುಜಿತ್ಸು ಬೆಂಬಲ ತಂಡದವರು ದೂರದಿಂದಲೇ ಶಾಖೆಯ ಲೆಕ್ಕದೊಳಗೆ ಹೋಗಿ ದತ್ತಾಂಶವನ್ನು ಸೇರಿಸಬಲ್ಲವರಾಗಿದ್ದರು, ಕೆಲವೊಮ್ಮೆ ಅದು ಶಾಖೆಯವರೇ ಮಾಡಿದಂತೆ ಕಾಣುತ್ತಿತ್ತು. ಪೋಸ್ಟ್ ಆಫೀಸ್ ಇದನ್ನು ವರ್ಷಗಳ ಕಾಲ ಅಲ್ಲಗಳೆಯಿತು. ಆ ತಂಡದಲ್ಲಿ ಹಿಂದೆ ಕೆಲಸ ಮಾಡಿದ್ದ ರಿಚರ್ಡ್ ರೋಲ್ 2015ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮದಲ್ಲಿ, ನಂತರ ನ್ಯಾಯಾಲಯದಲ್ಲಿ, ಹೌದು, ನಾವು ಹಾಗೆ ಮಾಡುತ್ತಿದ್ದೆವು ಎಂದು ಹೇಳಿದರು. ತುರ್ತು ದುರಸ್ತಿಗಾಗಿ ಇಂಥ ದಾರಿ ಇಟ್ಟುಕೊಳ್ಳುವುದು ನಮ್ಮ ಕೆಲಸದಲ್ಲಿ ದಿನನಿತ್ಯದ ಸಂಗತಿ; ಲೈವ್ ಡೇಟಾಬೇಸಿಗೆ ಕೈ ಹಾಕದ ಬೆಂಬಲ ತಂಡ ಅಪರೂಪ. ಆದರೆ ಒಬ್ಬ ಮನುಷ್ಯ ತನ್ನ ಲೆಕ್ಕಕ್ಕೆ ತಾನೊಬ್ಬನೇ ಹೊಣೆ ಎಂದು ಕಾನೂನು ಹೇಳುವಾಗ, ಆ ಲೆಕ್ಕದಲ್ಲಿ ಇನ್ನೊಬ್ಬರ ಕೈ ಇದ್ದರೆ ಅದು ಆತನಿಗೆ ಕಾಣಲೇಬೇಕು. ಕಾಣದಂತೆ ಮಾಡಿದ ದಿನ ಅದು ದುರಸ್ತಿಯ ದಾರಿಯಾಗಿ ಉಳಿಯುವುದಿಲ್ಲ.

ಎಂಜಿನಿಯರುಗಳು ಸುಮ್ಮನಿದ್ದರು ಎಂದು ಹೇಳುವುದೂ ಪೂರ್ಣ ಸತ್ಯವಲ್ಲ. 1998ರಲ್ಲಿಯೇ, ವ್ಯವಸ್ಥೆ ಕೌಂಟರುಗಳಿಗೆ ಬರುವ ಮೊದಲೇ, ಕೌಂಟರ್ ಲೆಕ್ಕದ ಭಾಗವನ್ನು ಪರಿಶೀಲಿಸಿದ ಒಳಗಿನ ತಂಡವೊಂದು ಕಟುವಾದ ವರದಿ ಬರೆದಿತ್ತು. ಒಂದು ಸಂಖ್ಯೆಯ ಚಿಹ್ನೆಯನ್ನು ತಿರುಗಿಸುವ ಕಾರ್ಯವನ್ನು, ಒಂದು ಮೈನಸ್ ಚಿಹ್ನೆ ಹಾಕಿದರೆ ಮುಗಿಯುವುದನ್ನು, ಅದರಿಂದ ಅದರ ಇಮ್ಮಡಿಯನ್ನು ಕಳೆಯುವಂತೆ ಬರೆದಿದ್ದ ಸಾಲುಗಳನ್ನು ಅದು ಉದಾಹರಣೆಯಾಗಿ ಎತ್ತಿ ತೋರಿಸಿ, ಇದನ್ನು ಬರೆದವರಿಗೆ ಪ್ರೋಗ್ರಾಮಿಂಗಿನ ಮೂಲ ನಿಯಮಗಳೇ ತಿಳಿದಿಲ್ಲ ಎಂದಿತು. ಆ ಭಾಗವನ್ನು ಹೊಸದಾಗಿ ಬರೆಯಬೇಕೆಂಬ ಸಲಹೆ ಒಪ್ಪಿಗೆಯಾಗಲಿಲ್ಲ. ಬೆಂಬಲ ತಂಡದವರು ಕೂಡ ತಿಳಿದ ದೋಷಗಳ ದಾಖಲೆಯನ್ನು ಶ್ರದ್ಧೆಯಿಂದ ಇಟ್ಟಿದ್ದರು. ಸತ್ಯ ಬರೆಯಲ್ಪಟ್ಟಿತ್ತು, ಅದು ಒಳಗೇ ಉಳಿಯಿತು. ಹೊರಗೆ ಕುಳಿತವರಿಗೆ ಸಹಾಯವಾಣಿ ಹೇಳಿದ್ದು ಮಾತ್ರ ಒಂದೇ ಮಾತು: ಈ ತೊಂದರೆ ನಿಮಗೊಬ್ಬರಿಗೇ ಬಂದಿರುವುದು.

2010ರ ಶರತ್ಕಾಲದಲ್ಲಿ ಏನಾಯಿತು ಎಂಬುದನ್ನು ಓದಿದಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಗುತ್ತದೆ. ಸುಮಾರು ಅರವತ್ತು ಶಾಖೆಗಳ ಲೆಕ್ಕವನ್ನು ತಪ್ಪಿಸಿದ ಹೊಸ ದೋಷವೊಂದರ ಬಗ್ಗೆ ಫುಜಿತ್ಸು ಮತ್ತು ಪೋಸ್ಟ್ ಆಫೀಸಿನವರು ಸಭೆ ಸೇರಿದರು. ಇದು ಹೊರಗೆ ಗೊತ್ತಾದರೆ ನಡೆಯುತ್ತಿರುವ ಮೊಕದ್ದಮೆಗಳ ಮೇಲೆ ಪರಿಣಾಮವಾಗಬಹುದು ಎಂಬ ಆತಂಕ ಆ ಸಭೆಯ ಟಿಪ್ಪಣಿಯಲ್ಲಿ ಬರಹದಲ್ಲಿಯೇ ಇದೆ. ಅದೇ ದಿನಗಳಲ್ಲಿ ಸರ್ರೆಯ ವೆಸ್ಟ್ ಬೈಫ್ಲೀಟ್ ಶಾಖೆಯ ಸೀಮಾ ಮಿಶ್ರಾ ಅವರ ವಿಚಾರಣೆ ಗಿಲ್ಡ್‌ಫರ್ಡ್ ನ್ಯಾಯಾಲಯದಲ್ಲಿ ನಡೆಯಿತು. ವ್ಯವಸ್ಥೆಯ ಪರವಾಗಿ ಫುಜಿತ್ಸುವಿನ ಎಂಜಿನಿಯರ್ ಸಾಕ್ಷ್ಯ ನುಡಿದರು. ಗರ್ಭಿಣಿಯಾಗಿದ್ದ ಸೀಮಾ ಅವರಿಗೆ ನವೆಂಬರ್‌ನಲ್ಲಿ, ಹಿರಿಯ ಮಗನ ಹುಟ್ಟುಹಬ್ಬದ ದಿನ, 15 ತಿಂಗಳ ಸಜೆಯಾಯಿತು. ಎಂಜಿನಿಯರ್ ಕೊಟ್ಟ ಹೇಳಿಕೆಗಳು ತಿಳಿದಿದ್ದ ದೋಷಗಳನ್ನು ತಿಳಿಸಿರಲಿಲ್ಲ ಎಂದು 2013ರಲ್ಲಿ ಪೋಸ್ಟ್ ಆಫೀಸಿನ ಪರ ವಕೀಲರೇ ತಮ್ಮ ಲಿಖಿತ ಸಲಹೆಯಲ್ಲಿ ಬರೆದರು. ಸೀಮಾ ಅವರೂ ಸೇರಿದಂತೆ 39 ಮಂದಿಯ ಶಿಕ್ಷೆಯನ್ನು ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿದ್ದು 2021ರ ಏಪ್ರಿಲ್‌ನಲ್ಲಿ. ಉಳಿದವರಿಗಾಗಿ ಸಂಸತ್ತು 2024ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು.

ಒಬ್ಬ ಎಂಜಿನಿಯರ್ ಏನು ತಾನೇ ಮಾಡಬಲ್ಲ ಎಂದು ಕೇಳುವವರಿದ್ದಾರೆ. ಸಂಬಳ, ಗೃಹಸಾಲ, ಮಕ್ಕಳ ಶಾಲೆ ಎಲ್ಲರಿಗೂ ಇದೆ. ಪ್ರಶ್ನೆ ನ್ಯಾಯವಾದದ್ದೇ. 1985ರಲ್ಲಿ ಅಮೆರಿಕದ ಕ್ಷಿಪಣಿ ರಕ್ಷಣಾ ಯೋಜನೆಯ ಸಲಹಾ ಸಮಿತಿಯಿಂದ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ ಹೊರಬಂದ ರೀತಿಯನ್ನು ನಾನು ಇಲ್ಲಿ ನೆನೆಯುತ್ತೇನೆ. ಅವರು ಸೇನೆಯ ಕೆಲಸವನ್ನೇ ವಿರೋಧಿಸುವವರಲ್ಲ, ಅಮೆರಿಕದ ನೌಕಾಪಡೆಗೆ ಹಿಂದೆ ಕೆಲಸ ಮಾಡಿಕೊಟ್ಟವರು. ನಿಜವಾದ ಬಳಕೆಯ ಸ್ಥಿತಿಯಲ್ಲಿ ಒಮ್ಮೆಯೂ ಪರೀಕ್ಷಿಸಲಾಗದ ಇಂಥ ತಂತ್ರಾಂಶವನ್ನು ನಂಬಬಹುದೆಂದು ಯಾರೂ ಭರವಸೆ ಕೊಡಲಾರರು ಎಂದು ಅವರು ವಾದಿಸಿದರು. ದಿನಕ್ಕೆ 1,000 ಡಾಲರ್ ಸಂಭಾವನೆ ಬಿಟ್ಟದ್ದಕ್ಕಿಂತ ನನಗೆ ಮುಖ್ಯವೆನಿಸುವುದು, ಅವರು ತಾಂತ್ರಿಕ ಕಾರಣಗಳನ್ನು ಸರಣಿ ಪ್ರಬಂಧಗಳಾಗಿ ಬರೆದು ಎಲ್ಲರೂ ಓದುವ ಪತ್ರಿಕೆಗಳಲ್ಲಿ ಪ್ರಕಟಿಸಿದ್ದು. ಎಲ್ಲರಿಗೂ ಆ ಸ್ಥಾನಬಲ ಇರುವುದಿಲ್ಲ. ಆದರೆ ಹೊರೈಜನ್ ವಿಷಯದಲ್ಲಿ ಬೇಕಾಗಿದ್ದದ್ದು ರಾಜೀನಾಮೆಯೂ ಅಲ್ಲ. ಸಸ್ಪೆನ್ಸ್ ಖಾತೆ ತೆಗೆಯಬೇಕೆಂದು ಬಂದ ಕಡತದ ಮೇಲೆ, ಹಾಗಾದರೆ ಒಪ್ಪದವನು ಏನು ಮಾಡಬೇಕು ಎಂದು ಬರೆದು, ಉತ್ತರ ಬರುವವರೆಗೆ ಸಹಿ ಹಾಕದಿರುವುದು ಬೇಕಿತ್ತು. ಕೆಲಸದ ಒಳಗೇ ಇರುವ, ಯಾವ ಶೌರ್ಯಪ್ರಶಸ್ತಿಯೂ ಸಿಗದ ಕೆಲಸ ಅದು. ಕಂಪ್ಯೂಟರ್ ವೃತ್ತಿಯವರ ಸಂಘವಾದ ಅಮೆರಿಕದ ಎಸಿಎಂನ ನೀತಿಸಂಹಿತೆಯಲ್ಲಿ ಹಾನಿ ತಪ್ಪಿಸಬೇಕೆಂಬ ವಾಕ್ಯ ದಶಕಗಳಿಂದ ಇದೆ. ಆ ವಾಕ್ಯ ದಿನದ ಕೆಲಸದಲ್ಲಿ ಇಳಿಯುವುದು ಇಂಥ ಟಿಪ್ಪಣಿಗಳಲ್ಲೇ.

ನಮ್ಮ ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಕೈಬರಹದ ಪಹಣಿಗಳನ್ನು ಗಣಕೀಕರಿಸಿದಾಗ, ಹಕ್ಕು ಬದಲಾವಣೆಗೆ ನೋಟಿಸ್ ಹೊರಡಿಸಿ ಆಕ್ಷೇಪಣೆಗೆ ಕಾಲಾವಕಾಶ ಕೊಡುವ ಹಂತವನ್ನು ಬಿಡಲಾಗಲಿಲ್ಲ, ಏಕೆಂದರೆ ಅದು ಭೂಕಂದಾಯ ಕಾಯ್ದೆಯಲ್ಲಿ ಇತ್ತು. ಗಣಕೀಕರಣದಲ್ಲಿ ನುಸುಳಿದ ತಪ್ಪುಗಳನ್ನು ತಿದ್ದಿಸಲು ರೈತರು ತಾಲ್ಲೂಕು ಕಚೇರಿಗೆ ಅಲೆದದ್ದು ನಮಗೆಲ್ಲ ಗೊತ್ತಿರುವುದೇ, ಅದನ್ನು ಮರೆಸುವ ಉದ್ದೇಶ ನನಗಿಲ್ಲ. ಆದರೂ ತಕರಾರು ಎಂಬುದು ಆ ವ್ಯವಸ್ಥೆಯ ಒಂದು ಹಂತವಾಗಿ ಉಳಿದುಕೊಂಡಿತು. ಹೊರೈಜನ್‌ನಲ್ಲಿ ಅಂಥ ಹಂತವನ್ನು ಉಳಿಸುವ ಕಾಯ್ದೆ ಇರಲಿಲ್ಲ. ಕಾಯ್ದೆ ಇಲ್ಲದ ಜಾಗದಲ್ಲಿ ವಿನ್ಯಾಸಕಾರನ ವಿವೇಕವೇ ಕೆಲಸ ಮಾಡಬೇಕು.

ಸಾಕ್ಷ್ಯದ ಕಾನೂನಿನಲ್ಲಿ ಬ್ರಿಟನ್ನಿಗೂ ನಮಗೂ ನೇರವಾದ ವ್ಯತ್ಯಾಸ ಇದೆ. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಸಾಬೀತುಪಡಿಸಿದರೆ ಮಾತ್ರ ಅದರ ದಾಖಲೆಯನ್ನು ಕ್ರಿಮಿನಲ್ ಪ್ರಕರಣದಲ್ಲಿ ಒಪ್ಪಬೇಕು ಎಂಬ 1984ರ ನಿಯಮವನ್ನು ಇಂಗ್ಲೆಂಡ್ 1999ರ ಕಾಯ್ದೆಯೊಂದರಿಂದ ಕೈಬಿಟ್ಟಿತು. ಹೊರೈಜನ್ ಶಾಖೆಗಳಿಗೆ ಬರುತ್ತಿದ್ದ ಹೊತ್ತಿಗೇ ಕಂಪ್ಯೂಟರ್ ಸರಿಯಾಗಿದೆ ಎಂದು ನ್ಯಾಯಾಲಯ ಮೊದಲೇ ಭಾವಿಸುವಂತಾಯಿತು. ಅಲ್ಲವೆಂದು ತೋರಿಸುವ ಭಾರ, ದಾಖಲೆಯೇ ಕೈಯಲ್ಲಿಲ್ಲದ ಆರೋಪಿಯ ಮೇಲೆ ಬಿತ್ತು. ಭಾರತ ಆ ದಾರಿ ಹಿಡಿಯಲಿಲ್ಲ. ಕಂಪ್ಯೂಟರ್ ದಾಖಲೆಯ ಜೊತೆಗೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮು ಕೇಳುತ್ತಿದ್ದ ಪ್ರಮಾಣಪತ್ರವನ್ನು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ 63ನೇ ಕಲಮಿನಲ್ಲಿ ಉಳಿಸಿಕೊಂಡಿದೆ. ಸಾಧನದ ಉಸ್ತುವಾರಿ ಹೊತ್ತವರು ಎ ಭಾಗಕ್ಕೆ ಸಹಿ ಹಾಕಿ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎನ್ನಬೇಕು, ತಜ್ಞರು ಬಿ ಭಾಗಕ್ಕೆ ಸಹಿ ಹಾಕಬೇಕು, ಎರಡೂ ಭಾಗಗಳಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದಿಂದ ಲೆಕ್ಕ ಹಾಕಿ ಪಡೆದ ಬೆರಳಚ್ಚಿನಂಥ ಸಂಖ್ಯೆಯನ್ನು, ನಮೂದಿಸಬೇಕು. ಇದು ಒಳ್ಳೆಯ ಏರ್ಪಾಡು, ಆದರೆ ಅದರ ಮಿತಿಯನ್ನು ನಮ್ಮ ಕಸುಬಿನವರೇ ಹೇಳಬೇಕು. ಹ್ಯಾಶ್ ತಾಳೆಯಾದರೆ ಆ ಕಡತವನ್ನು ತೆಗೆದ ಮೇಲೆ ಯಾರೂ ತಿದ್ದಿಲ್ಲ ಎಂದಷ್ಟೇ ತಿಳಿಯುತ್ತದೆ. ಪ್ರೋಗ್ರಾಂ ಆ ಅಂಕಿಯನ್ನು ಬರೆದ ಗಳಿಗೆಯಲ್ಲೇ ತಪ್ಪಾಗಿ ಬರೆದಿದ್ದರೆ, ಎಂಟು ಸಾವಿರವನ್ನು ನಾಲ್ಕು ಸಲ ಕೂಡಿದ್ದರೆ, ಹ್ಯಾಶ್ ಆ ತಪ್ಪನ್ನೇ ಭದ್ರವಾಗಿ ಕಾಯುತ್ತದೆ.

ಆದ್ದರಿಂದ ಇಂಥ ಪ್ರಮಾಣಪತ್ರಕ್ಕೆ ಸಹಿ ಹಾಕುವ ಬೆಂಗಳೂರಿನ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಆಗಲಿ, ಬ್ಯಾಂಕಿನ ಐಟಿ ವಿಭಾಗದ ಅಧಿಕಾರಿಯಾಗಲಿ, ಕಾಲೇಜಿನಿಂದ ತಜ್ಞರಾಗಿ ಹೋಗುವ ಪ್ರಾಧ್ಯಾಪಕರಾಗಲಿ, ಆ ಅವಧಿಯಲ್ಲಿ ಚಾಲ್ತಿಯಲ್ಲಿದ್ದ ತಂತ್ರಾಂಶದ ಆವೃತ್ತಿ ಯಾವುದು, ಅದರಲ್ಲಿ ತಿಳಿದಿದ್ದ ದೋಷಗಳು ಯಾವುವು, ಹಿಂದಿನ ಬಾಗಿಲಿನಿಂದ ದತ್ತಾಂಶ ತಿದ್ದುವ ಅಧಿಕಾರ ಯಾರ ಯಾರ ಲಾಗಿನ್‌ಗಳಿಗೆ ಇತ್ತು ಎಂಬ ಪಟ್ಟಿಯನ್ನು ಮೊದಲು ತರಿಸಿಕೊಂಡು ಓದಬೇಕು, ಮತ್ತು ಅದನ್ನು ಪ್ರಮಾಣಪತ್ರದ ಜೊತೆಗೇ ಲಗತ್ತಿಸಿ ಎದುರು ಪಕ್ಷದ ಕೈಗೂ ಸಿಗುವಂತೆ ಮಾಡಬೇಕು. ನಮೂನೆ ಇದನ್ನು ಕೇಳುವುದಿಲ್ಲ. ಲಗತ್ತಿಸಬಾರದೆಂದೂ ಅದು ಹೇಳುವುದಿಲ್ಲ.